ಕುಲೇಬ್ರಾ ದ್ವೀಪದಲ್ಲಿ ಒಂದು ರಾತ್ರಿ: ಫೆರಿ, ಗಾಡಿ, ಊಟ, ಅಲೆ. ಗೊತ್ತಿದ್ದವರು ಸೇರಿಸುತ್ತಾ ಹೋಗಿ

ಕಡ್ಲೆಪುರಿ

ಕೆರಿಬಿಯನ್ ಕಡಲಿನಲ್ಲಿರುವ ಅಮೆರಿಕದ ನೆಲ ಪೋರ್ಟೊ ರಿಕೊ ಬಗ್ಗೆ ಕೇಳುವವರು ಸಾನ್ ಹ್ವಾನ್ ಕೋಟೆ, ಎಲ್ ಯುಂಕೆ ಕಾಡು ಎಲ್ಲ ಕೇಳಿ ಮುಗಿಸಿ ಕೊನೆಗೆ ಕೇಳುವುದು ಒಂದೇ: ಪಕ್ಕದ ಪುಟ್ಟ ದ್ವೀಪ ಕುಲೇಬ್ರಾಗೆ ಬೆಳಿಗ್ಗೆ ಹೋಗಿ ಸಂಜೆ ವಾಪಸ್ ಬರಬಹುದಾ? ಬರಬಹುದು, ಆದರೆ ಅದು ಹಣ ಕೊಟ್ಟು ಸುಸ್ತು ಕೊಂಡ ಹಾಗೆ. ಸಾನ್ ಹ್ವಾನ್‌ನಿಂದ ಸೇಯ್ಬಾ ಬಂದರಿಗೆ ಸುಮಾರು 60 ಕಿ.ಮೀ., ಟ್ರಾಫಿಕ್ ನೋಡಿಕೊಂಡು ಒಂದರಿಂದ ಒಂದೂಕಾಲು ಗಂಟೆ. ಫೆರಿಗೆ ಒಂದು ಗಂಟೆ ಮೊದಲೇ ಅಲ್ಲಿರಬೇಕು. ಕಡಲ ದಾರಿ 45 ನಿಮಿಷದಿಂದ ಒಂದು ಗಂಟೆ. ಆ ಕಡೆ ಇಳಿದು ವ್ಯಾನ್ ಹಿಡಿದು ಫ್ಲಮೆಂಕೊ ತೀರ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೆ ಬರುತ್ತದೆ, ಮೂರು ಗಂಟೆಗೆಲ್ಲ ಮತ್ತೆ ಹಡಗು ನಿಲ್ಲುವ ಧಕ್ಕೆಯ ಕಡೆ ಮುಖ. ಅದೇ ಹಡಗಿನಲ್ಲಿ ಬಂದ ನೂರಾರು ಜನ ಅದೇ ನಾಲ್ಕು ಗಂಟೆ ಅದೇ ಮರಳಿನ ಮೇಲಿರುತ್ತಾರೆ.

ಒಂದು ರಾತ್ರಿ ಉಳಿದರೆ ಲೆಕ್ಕವೇ ತಿರುಗುತ್ತದೆ. ಫ್ಲಮೆಂಕೊಗೆ ಮಧ್ಯಾಹ್ನ ಮೂರರ ಮೇಲೆ ಹೋಗಿ, ಮತ್ತೆ ಮರುದಿನ ಬೆಳಿಗ್ಗೆ ಒಂಬತ್ತರೊಳಗೆ ಹೋಗಿ. ನಡುವಿನ ಬಿಸಿಲು ಹೊತ್ತಿಗೆ ಪಶ್ಚಿಮದ ತಮರಿಂದೊ ತೀರ, ಅಥವಾ ಊಟ, ನಿದ್ದೆ.

ಜಾಗದ ಪರಿಚಯ ಚಿಕ್ಕದಾಗಿ: ಪೋರ್ಟೊ ರಿಕೊ ಮುಖ್ಯ ದ್ವೀಪದ ಪೂರ್ವಕ್ಕೆ ಸುಮಾರು 27 ಕಿ.ಮೀ., 2020ರ ಜನಗಣತಿಯಲ್ಲಿ 1,792 ಜನ. ಇರುವ ಒಂದೇ ಪೇಟೆ ಡ್ಯೂಯಿ, ಅಲ್ಲಿಯವರ ಬಾಯಲ್ಲಿ ಬರೀ 'ಪುವೆಬ್ಲೊ'. ಫೆರಿ ಅಲ್ಲೇ ನಿಲ್ಲುತ್ತದೆ. ಪೇಟೆಯಿಂದ ಫ್ಲಮೆಂಕೊಗೆ ಪಿಆರ್-251 ರಸ್ತೆ, ಪೂರ್ವದ ಸೋನಿ ತೀರಕ್ಕೆ ಪಿಆರ್-250. ಎರಡೂ ಕವಲೊಡೆಯುವುದು ವಿಮಾನ ನಿಲ್ದಾಣದ ಹತ್ತಿರ. ಇಷ್ಟು ತಲೆಯಲ್ಲಿದ್ದರೆ ದಾರಿ ತಪ್ಪುವುದು ಕಷ್ಟ.

ಫೆರಿ ವಿಷಯಕ್ಕೆ ಬರೋಣ, ಕೆಡುವುದೆಲ್ಲ ಅಲ್ಲೇ.

ಟಿಕೆಟ್ ಒಂದು ದಾರಿಗೆ 2.25 ಡಾಲರ್. ಅಗ್ಗ ಇರುವುದರಿಂದಲೇ ಬೇಗ ಖಾಲಿ. ಹೋಗುವುದು, ಬರುವುದು ಎರಡೂ ಬೇರೆ ಬೇರೆ ಟಿಕೆಟ್. ಜನ ಹೋಗುವ ಟಿಕೆಟ್ ತೆಗೆದುಕೊಂಡು ನಿರಾಳವಾಗುತ್ತಾರೆ, ಆಮೇಲೆ ನೋಡಿದರೆ ಭಾನುವಾರ ಮಧ್ಯಾಹ್ನ ವಾಪಸ್ ಬರುವ ಹಡಗು ಭರ್ತಿ. ಮೊದಲು ಬರುವ ಟಿಕೆಟ್ ಇದೆಯಾ ನೋಡಿ, ಆಮೇಲೆ ಹೋಗುವುದು, ಆಮೇಲೆ ರೂಮು. ಈ ಕ್ರಮ ತಲೆಕೆಳಗಾದರೆ ರೂಮಿನ ದುಡ್ಡು ಹೋಯಿತು ಅಂತಲೇ.

ಹಡಗು ಹೊರಡುವುದು ಸೇಯ್ಬಾದಿಂದ. 2018ರವರೆಗೆ ಫಹಾರ್ಡೊದಿಂದ ಹೊರಡುತ್ತಿತ್ತು, ಹಳೆಯ ಬ್ಲಾಗುಗಳಲ್ಲಿ ಇನ್ನೂ ಹಾಗೇ ಇದೆ. ಮ್ಯಾಪಿನಲ್ಲಿ ಸುಮ್ಮನೆ 'ಫೆರಿ' ಎಂದು ಹುಡುಕಬೇಡಿ. ಸೇಯ್ಬಾ ಟರ್ಮಿನಲ್ ಇರುವುದು ಹಳೆಯ ರೂಸ್‌ವೆಲ್ಟ್ ರೋಡ್ಸ್ ನೌಕಾನೆಲೆಯ ಒಳಗೆ. ಗೇಟು ದಾಟಿ ಖಾಲಿ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಬೇಕು. ದಾರಿ ತಪ್ಪಿದೆ ಅನ್ನಿಸುತ್ತದೆ, ತಪ್ಪಿರುವುದಿಲ್ಲ.

ಅದೇ ಟರ್ಮಿನಲ್‌ನಿಂದ ವಿಯೇಕೆಸ್ ದ್ವೀಪಕ್ಕೂ ಹಡಗು ಹೋಗುತ್ತದೆ. ಎರಡು ಸಾಲು ಇರುತ್ತವೆ. ಸಾಲಿನ ಕೊನೆಯಲ್ಲಿ ನಿಲ್ಲುವ ಮೊದಲು ಮುಂದಿನವರನ್ನು "ಕುಲೇಬ್ರಾ?" ಎಂದು ಒಂದು ಮಾತು ಕೇಳಿಬಿಡಿ.

---

ಮಲ್ಪೆಗಾಳಿ

ಟಿಕೆಟ್ ಸಿಕ್ಕಿದರೆ ಸಾಲದು ಮಾರಾಯ್ರೆ, ಕಡಲು ಬಿಡಬೇಕಲ್ಲ.

ನವೆಂಬರ್‌ನಿಂದ ಮಾರ್ಚ್‌ವರೆಗೆ ಉತ್ತರ ಅಟ್ಲಾಂಟಿಕ್‌ನಲ್ಲಿ ಎಲ್ಲೋ ಬಿರುಗಾಳಿ ಎದ್ದರೆ ಎರಡು ಮೂರು ದಿನದ ಮೇಲೆ ಅದರ ತೆರೆ ಇಲ್ಲಿಗೆ ಬಂದು ಹೊಡೆಯುತ್ತದೆ. ಆಕಾಶ ಶುಭ್ರ ಇರುತ್ತದೆ, ಗಾಳಿ ಇರುವುದಿಲ್ಲ, ಆದರೂ ಫ್ಲಮೆಂಕೊದಲ್ಲಿ ಆಳೆತ್ತರದ ಅಲೆ. ಯಾಕೆಂದರೆ ಆ ತೀರ ಉತ್ತರಕ್ಕೆ ಬಾಯಿ ತೆರೆದಿದೆ. ಮುನ್ಸೂಚನೆಯಲ್ಲಿ ಅಲೆಯ ಎತ್ತರ ಮಾತ್ರ ನೋಡಬೇಡಿ, ಪಕ್ಕದಲ್ಲಿ ಒಂದು ಅಲೆಯಿಂದ ಇನ್ನೊಂದಕ್ಕೆ ಎಷ್ಟು ಸೆಕೆಂಡು ಎಂಬ ಲೆಕ್ಕ ಇರುತ್ತದೆ, ಅದನ್ನೂ ನೋಡಿ. ಆರು ಅಡಿ ಎತ್ತರ, ಆರು ಸೆಕೆಂಡು ಅಂತರ ಎಂದರೆ ಗಾಳಿಯ ಕುಲುಕಾಟ. ಅದೇ ಆರು ಅಡಿ, ಹನ್ನೆರಡು ಸೆಕೆಂಡು ಎಂದರೆ ದೂರದಿಂದ ಬಂದ ಭಾರದ ತೆರೆ, ದಡಕ್ಕೆ ಬರುವಾಗ ಎದ್ದು ನಿಲ್ಲುತ್ತದೆ. ಸಾನ್ ಹ್ವಾನ್‌ನ ನ್ಯಾಷನಲ್ ವೆದರ್ ಸರ್ವೀಸ್ ದಿನಾ ತೀರದ ಮುನ್ಸೂಚನೆ ಕೊಡುತ್ತದೆ, ಸೆಳೆತದ ಅಪಾಯ ಕಡಿಮೆ, ಮಧ್ಯಮ, ಹೆಚ್ಚು ಎಂದು ಮೂರು ಹಂತದಲ್ಲಿ. 'ಹೆಚ್ಚು' ಇದ್ದ ದಿನ ಫ್ಲಮೆಂಕೊದಲ್ಲಿ ಮೊಣಕಾಲಿನ ಮೇಲೆ ನೀರಿಗೆ ಇಳಿಯುವುದು ಬೇಡ. ಅವತ್ತು ಪಶ್ಚಿಮದ ತಮರಿಂದೊ ಅಥವಾ ಮೆಲೋನೆಸ್ ತೀರ. ಬೆಟ್ಟದ ಮರೆ ಉಂಟು, ನೀರು ಹೆಚ್ಚಾಗಿ ಸಮಾಧಾನ.

ಸೆಳೆತಕ್ಕೆ ಸಿಕ್ಕಿದರೆ ದಡದ ಕಡೆ ಈಜಿ ಸುಸ್ತಾಗಬಾರದು. ದಡಕ್ಕೆ ಸಮಾನಾಂತರವಾಗಿ ಒಂದು ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬಂದು ಆಮೇಲೆ ದಡಕ್ಕೆ. ಈಜು ಬಾರದವರು ಕೈ ಎತ್ತಿ ತೇಲುತ್ತಾ ಇರುವುದು. ಅಲೆ ಒಡೆಯದೆ ನೀರು ಕದಡಿ ಕಾಣುವ ಪಟ್ಟಿ ಇದೆಯಲ್ಲ, 'ಇಲ್ಲಿ ಶಾಂತ ಉಂಟು' ಎಂದು ಜನ ಇಳಿಯುವುದು ಅಲ್ಲಿಗೇ. ಸೆಳೆತ ಇರುವುದೂ ಅಲ್ಲೇ. ಜೀವರಕ್ಷಕರು ಇರುತ್ತಾರೆ ಎಂದು ಲೆಕ್ಕ ಹಾಕಬೇಡಿ.

ವಾಂತಿ ವಿಷಯ. ಹಡಗು ದೊಡ್ಡದೇ, ಆದರೆ ಚಳಿಗಾಲದಲ್ಲಿ ಸತತ ಬೀಸುವ ವ್ಯಾಪಾರಮಾರುತದಲ್ಲಿ (ಟ್ರೇಡ್ ವಿಂಡ್) ಚೆನ್ನಾಗಿ ಕುಣಿಯುತ್ತದೆ. ಕೆಳಗಿನ ಅಂತಸ್ತು, ನಡುವಿನಿಂದ ಹಿಂದಿನ ಸೀಟು. ಮೂತಿಯ ಹತ್ತಿರ ಬೇಡ, ಮೊಬೈಲು ನೋಡಬೇಡಿ, ದಿಗಂತ ನೋಡಿ. ಮೆಕ್ಲಿಜಿನ್ 25 ಮಿಲಿಗ್ರಾಂ ಮಾತ್ರೆ ಹೊರಡುವ ಒಂದು ಗಂಟೆ ಮೊದಲು. ಹಡಗು ಅಲ್ಲಾಡಲು ಶುರುವಾದ ಮೇಲೆ ನುಂಗಿದರೆ ಅದು ಕೆಲಸ ಮಾಡುವಷ್ಟರಲ್ಲಿ ನೀವು ಕುಲೇಬ್ರಾದಲ್ಲಿ ಇರುತ್ತೀರಿ. ಊರಿನಿಂದ ತಂದ ಅವೋಮಿನ್ ಇದ್ದರೆ ಅದೂ ಆಗುತ್ತದೆ, ನಿದ್ದೆ ಜಾಸ್ತಿ. ಎರಡರಲ್ಲಿ ಯಾವುದು ತೆಗೆದುಕೊಂಡರೂ ಇಳಿದ ಕೂಡಲೇ ಗಾಡಿ ಓಡಿಸಬೇಡಿ. ಗ್ಲಾಕೋಮ ಇರುವವರು, ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರು ಡಾಕ್ಟರನ್ನು ಕೇಳಿಯೇ ತೆಗೆದುಕೊಳ್ಳಬೇಕು.

---

ಎಚ್1ಬಿ_ಹನುಮ

ಪಾಸ್‌ಪೋರ್ಟಿನಲ್ಲಿ ವೀಸಾ ಸ್ಟ್ಯಾಂಪ್ ಅವಧಿ ಮುಗಿದಿದ್ದರೆ? ಐ-797 (ಎಚ್1ಬಿ ಮಂಜೂರಾತಿ ಪತ್ರ) ಚಾಲ್ತಿಯಲ್ಲಿದೆ. 'ಕೆರಿಬಿಯನ್' ಎಂದು ನೋಡಿದರೇ ಭಯವಾಗುತ್ತೆ ಗುರು.

---

ನ್ಯೂಜೆರ್ಸಿ_ಅಕ್ಕ

ಭಯ ಬೇಡ. ಪೋರ್ಟೊ ರಿಕೊ ಅಮೆರಿಕದ ಆಡಳಿತದ ನೆಲ. ವಲಸೆ ಕಾನೂನಿನ ವ್ಯಾಖ್ಯಾನದಲ್ಲೂ ಅಮೆರಿಕದೊಳಗೇ ಬರುತ್ತದೆ. ನೆವಾರ್ಕ್‌ನಿಂದಲೋ ಒರ್ಲಾಂಡೊದಿಂದಲೋ ನೇರ ವಿಮಾನದಲ್ಲಿ ಹೋಗಿ ಬಂದರೆ ದೇಶ ಬಿಟ್ಟು ಹೊರಗೆ ಹೋದ ಲೆಕ್ಕವಲ್ಲ. ಸ್ಟ್ಯಾಂಪ್ ಮುಗಿದಿದ್ದರೂ ಸ್ಥಿತಿ ಚಾಲ್ತಿಯಲ್ಲಿದ್ದರೆ ಸಾಕು, ಹಸಿರು ಕಾರ್ಡಿನ ಅರ್ಜಿ ಬಾಕಿ ಇರುವವರಿಗೂ ಇದಕ್ಕಾಗಿ ಅಡ್ವಾನ್ಸ್ ಪರೋಲ್ (ದೇಶದ ಹೊರಗೆ ಹೋಗಿ ಬರಲು ಮುಂಗಡ ಅನುಮತಿ) ಬೇಕಿಲ್ಲ. ಭಾರತದಿಂದ ಬಂದ ಅಪ್ಪ ಅಮ್ಮನ ಬಿ-2 ಪ್ರವಾಸಿ ವೀಸಾ ಕೂಡ ಇಲ್ಲಿಗೆ ನಡೆಯುತ್ತದೆ, ಬೇರೆ ವೀಸಾ ಇಲ್ಲ.

ಆದರೂ ಪಾಸ್‌ಪೋರ್ಟ್, ಐ-797 ಮೂಲಪ್ರತಿ, ಐ-94 (ದೇಶ ಪ್ರವೇಶದ ದಾಖಲೆ) ಮುದ್ರಿತ ಪ್ರತಿ ಕೈಚೀಲದಲ್ಲಿರಲಿ. ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಕೇಳುವ ಹಕ್ಕುಳ್ಳವರು. 2025ರ ಮೇ 7ರಿಂದ ದೇಶದೊಳಗಿನ ವಿಮಾನಕ್ಕೂ ರಿಯಲ್ ಐಡಿ ನಿಯಮ (ಮಾನ್ಯ ಗುರುತಿನ ಚೀಟಿ ತೋರಿಸಬೇಕೆಂಬುದು) ಜಾರಿಯಲ್ಲಿದೆ, ನಮ್ಮ ಪಾಸ್‌ಪೋರ್ಟ್ ಅದಕ್ಕೆ ನಡೆಯುತ್ತದೆ.

ಒಂದೇ ಕಡೆ ಹುಷಾರು. ಕುಲೇಬ್ರಾದ ಪೂರ್ವಕ್ಕೆ ಕಾಣುವ ದ್ವೀಪಗಳ ಪೈಕಿ ಸೇಂಟ್ ಥಾಮಸ್, ಸೇಂಟ್ ಜಾನ್ ಅಮೆರಿಕದವು, ಅವುಗಳಾಚೆಯವು ಬ್ರಿಟಿಷರವು. ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಕಾಲಿಟ್ಟರೆ ದೇಶ ಬಿಟ್ಟಂತೆಯೇ. ಸೇಂಟ್ ಥಾಮಸ್‌ನಿಂದ ವಾಪಸ್ ವಿಮಾನ ಹತ್ತುವಾಗ ಕಸ್ಟಮ್ಸ್‌ನವರ ದಾಖಲೆ ತಪಾಸಣೆ ಇರುತ್ತದೆ. ಸ್ಟ್ಯಾಂಪ್ ಇಲ್ಲದವರು ದೋಣಿ ವಿಹಾರ ಬುಕ್ ಮಾಡುವಾಗ "ಎಲ್ಲೆಲ್ಲಿ ನಿಲ್ಲುತ್ತೀರಿ" ಎಂದು ಕೇಳಿಕೊಂಡೇ ಹತ್ತಿ.

---

ಧಾರವಾಡದಾಂವ

ಎಲ್ಲಾರೂ ಫೆರಿ ಫೆರಿ ಅಂತೀರಿ, ವಿಮಾನದ ಮಾತು ಯಾರೂ ಎತ್ತವಲ್ರಿ.

ಸೇಯ್ಬಾದಾಗ ಫೆರಿ ಟರ್ಮಿನಲ್ ಸನೇಕನ ಒಂದು ಸಣ್ಣ ಏರ್‌ಪೋರ್ಟ್ ಅದ. ಅಲ್ಲಿಂದ ಕುಲೇಬ್ರಾಕ್ಕ ಹತ್ತು ಹದಿನೈದು ನಿಮಿಷ. ಸಾನ್ ಹ್ವಾನ್‌ನಿಂದ ಅರ್ಧ ತಾಸು. ವಿಯೇಕೆಸ್ ಏರ್ ಲಿಂಕ್, ಏರ್ ಫ್ಲಮೆಂಕೊ ಅಂತ ಕಂಪನಿ ಅವ. ಎಂಟೊಂಬತ್ತು ಮಂದಿ ಕೂಡೂ ವಿಮಾನ. ಫೆರಿಗಿಂತ ರೊಕ್ಕ ಎಷ್ಟೋ ಪಟ್ಟು ಜಾಸ್ತಿ, ಖರೆ. ಆದ್ರ ಇರೂದ ಒಂದ ರಾತ್ರಿ ಅಂದಮ್ಯಾಲ ಸಾಲಿನಾಗ ನಿಂತ ಎರಡು ತಾಸಿನ ಬೆಲಿ ಎಷ್ಟು, ನೀವ ಲೆಕ್ಕ ಹಾಕ್ರಿ.

ಮೂರು ಮಾತು ನೆನಪಿಡ್ರಿ. ಒಂದು, ಸಾನ್ ಹ್ವಾನ್‌ದಾಗ ಎರಡು ಏರ್‌ಪೋರ್ಟ್ ಅವ. ದೊಡ್ಡದು ಲೂಯಿಸ್ ಮುನ್ಯೋಸ್ ಮರೀನ್, ಸಣ್ಣದು ಇಸ್ಲಾ ಗ್ರಾಂದೆ. ನಿಮ್ಮ ಟಿಕೇಟಿನ್ಯಾಗ ಎಸ್‌ಜೆಯು (ದೊಡ್ಡದು) ಅದನೋ ಎಸ್‌ಐಜಿ (ಸಣ್ಣದು) ಅದನೋ ಓದ್ರಿ. ಇಲ್ಲಂದ್ರ ಊರಿನ ಟ್ರಾಫಿಕ್ಕಿನ್ಯಾಗ ಟ್ಯಾಕ್ಸಿ ಹಿಡಕೊಂಡು ಓಡೂದಾಗ್ತದ. ಎರಡು, ಕೌಂಟರಿನ್ಯಾಗ ಸಾಮಾನಷ್ಟ ಅಲ್ಲ, ನಿಮ್ಮನ್ನೂ ತೂಗ್ತಾರ. ನಾಚಬ್ಯಾಡ್ರಿ, ಸಣ್ಣ ವಿಮಾನದ ತೂಕ ಸಮ ಇರಬೇಕು, ಸೀಟೂ ಅದರ ಪ್ರಕಾರನ ಕೊಡ್ತಾರ. ಗಂಡ ಹೆಂಡ್ತಿ ಬ್ಯಾರೆ ಬ್ಯಾರೆ ಸಾಲಿನ್ಯಾಗ ಕುಂತ್ರ ಜಗಳ ಬ್ಯಾಡ. ಸಾಮಾನು ಮೆತ್ತನ್ನ ಚೀಲದಾಗ ಇರ್ಲಿ, ಗಟ್ಟಿ ಸೂಟ್‌ಕೇಸ್ ತುರುಕಲಿಕ್ಕೆ ಜಾಗ ಇರೂದಿಲ್ಲ. ಮೂರು, ಕುಲೇಬ್ರಾದಾಗ ಇಳಿಯೂ ಮುಂದ ಗುಡ್ಡದ ನಡುವ ತಿರುವಿ ಇಳಸ್ತಾರ, ರನ್‌ವೇ ಬಾಳ ಸಣ್ಣದು. ಎದಿ ಝಲ್ ಅಂತದ. ಮೊದಲ ಗೊತ್ತಿದ್ರ ಚಂದ ಅನಸ್ತದ.

ನನ್ನ ಸಲಹಾ: ಹೋಗೂದು ಫೆರಿ, ಬರೂದು ವಿಮಾನ. ಸಿಟ್ಟು ಬರೂದು ಯಾವಾಗ್ಲೂ ಬರೂ ಮುಂದ.

---

ಕಡ್ಲೆಪುರಿ

@ಧಾರವಾಡದಾಂವ ಒಪ್ಪಿದೆ, ಆದರೆ ಕಾರು ಸೇಯ್ಬಾದಲ್ಲಿ ನಿಲ್ಲಿಸಿದವರು ಸೇಯ್ಬಾಕ್ಕೇ ಹಾರಬೇಕು. ಸಾನ್ ಹ್ವಾನ್‌ಗೆ ಟಿಕೆಟ್ ತೆಗೆದುಕೊಂಡರೆ ಕಾರು ಇಲ್ಲೇ, ನೀವು ಅಲ್ಲೇ.

ಇನ್ನೊಂದು: ವಾಪಸ್ ಬರುವ ದಿನವೇ ಅಮೆರಿಕಕ್ಕೆ ವಿಮಾನ ಬುಕ್ ಮಾಡಬೇಡಿ. ಹವೆಗೋ ಎಂಜಿನ್ ತೊಂದರೆಗೋ ಫೆರಿ ರದ್ದಾಗುವುದು ಅಪರೂಪವಲ್ಲ. ಸಣ್ಣ ವಿಮಾನವೂ ಮೋಡ ಇಳಿದರೆ ನಿಲ್ಲುತ್ತದೆ. ನಡುವೆ ಒಂದು ರಾತ್ರಿ ಲುಕಿಯೊದಲ್ಲೋ ಸಾನ್ ಹ್ವಾನ್‌ನಲ್ಲೋ ಇಟ್ಟುಕೊಳ್ಳಿ.

ಗಡಿಯಾರವೂ ನೋಡಿಕೊಳ್ಳಿ. ಪೋರ್ಟೊ ರಿಕೊದಲ್ಲಿ ಬೇಸಿಗೆಗೆ ಗಡಿಯಾರ ತಿರುಗಿಸುವ ಪದ್ಧತಿ ಇಲ್ಲ. ಬೇಸಿಗೆಯಲ್ಲಿ ನ್ಯೂಯಾರ್ಕ್ ಸಮಯವೇ, ಚಳಿಗಾಲದಲ್ಲಿ ಒಂದು ಗಂಟೆ ಮುಂದೆ. ಮೊಬೈಲು ತಾನೇ ಬದಲಾಗುತ್ತದೆ, ಕೈಗಡಿಯಾರ ಬದಲಾಗುವುದಿಲ್ಲ.

---

ಸಂಪಿಗೆ_ರೋಡ್

ಬಾಡಿಗೆ ಕಾರನ್ನೇ ಫೆರಿ ಮೇಲೆ ಹಾಕಿಕೊಂಡು ಹೋಗಬಹುದಲ್ವಾ? ಕಾರ್ಗೋ ಫೆರಿ ಇದೆ ಅಂತ ಓದಿದೆ.

---

ಗ್ಯಾರೇಜ್_ಗೌಡ

ಆಗೋಲ್ಲ. ಮುಖ್ಯ ದ್ವೀಪದ ಬಾಡಿಗೆ ಕಂಪನಿಗಳ ಕರಾರಿನಲ್ಲೇ ಬೇಡ ಅಂತ ಬರೆದಿರ್ತಾರೆ, ಕಾರ್ಗೋದಲ್ಲಿ ಜಾಗವೂ ಮೊದಲು ದ್ವೀಪದವರಿಗೆ. ಸೇಯ್ಬಾ ಟರ್ಮಿನಲ್ ಪಕ್ಕ ದಿನಕ್ಕಿಷ್ಟು ಅಂತ ಪಾರ್ಕಿಂಗ್ ಇದೆ, ಅಲ್ಲಿ ಬಿಡಿ. ಸಾನ್ ಹ್ವಾನ್‌ನಿಂದ ಊಬರ್‌ನಲ್ಲಿ ಬರೋರಿಗೆ ಒಂದು ಮಾತು: ಬರೋಕೆ ಸಿಗುತ್ತೆ, ವಾಪಸ್ ಹೋಗೋಕೆ ಸೇಯ್ಬಾದಲ್ಲಿ ಊಬರ್ ಸಿಗೋದು ಅದೃಷ್ಟ. ಟ್ಯಾಕ್ಸಿಯೋ ವ್ಯಾನೋ ಮೊದಲೇ ಮಾತಾಡಿಟ್ಟಿರಬೇಕು.

ಮುಖ್ಯ ದ್ವೀಪದಲ್ಲಿ ಗಾಡಿ ಓಡಿಸೋರು ಗಮನಿಸಿ: ದೂರದ ಫಲಕ ಕಿಲೋಮೀಟರಿನಲ್ಲಿ, ವೇಗದ ಮಿತಿ ಮೈಲಿಯಲ್ಲಿ, ಪೆಟ್ರೋಲ್ ಲೀಟರಿನಲ್ಲಿ. '55' ಅಂತ ಬೋರ್ಡ್ ನೋಡಿ ಕಿಲೋಮೀಟರ್ ಅಂದ್ಕೊಂಡು ತೆವಳಬೇಡಿ. ಟೋಲ್ ರಸ್ತೆಯಲ್ಲಿ ಹಣ ಕಟ್ಟೋ ಕಿಟಕಿ ನಂಬಬೇಡಿ, ಬಾಡಿಗೆ ಕಾರಿಗೆ ಟೋಲ್ ತಾನೇ ಕಟ್ಟೋ ಆಟೋಎಕ್ಸ್‌ಪ್ರೆಸೊ ಟ್ಯಾಗ್ ಇದೆಯಾ ಅಂತ ಕೌಂಟರಲ್ಲೇ ಕೇಳಿ.

ಈಗ ಕುಲೇಬ್ರಾದೊಳಗೆ. ಆಯ್ಕೆ ಮೂರು.

ಪೂಬ್ಲಿಕೊ ಅಂತಾರಲ್ಲ, ಶೇರ್ ವ್ಯಾನು: ಧಕ್ಕೆ ಎದುರೇ ನಿಂತಿರುತ್ತೆ. ಫ್ಲಮೆಂಕೊಗೆ ತಲೆಗೆ ಸುಮಾರು ಐದು ಡಾಲರ್, ನೋಟು ಕೊಡಿ, ಚಿಲ್ಲರೆ ಇಟ್ಕೊಳ್ಳಿ. ಇದರ ತೊಂದರೆ ಸಂಜೆ. ದಿನದ ಜನ ಹೊರಟ ಮೇಲೆ ವ್ಯಾನೂ ಕಡಿಮೆ. ಕಡ್ಲೆಪುರಿ ಹೇಳಿದ ಹಾಗೆ ಸಂಜೆ ಫ್ಲಮೆಂಕೊದಲ್ಲಿರಬೇಕು ಅಂದ್ರೆ ಇಳಿಯುವಾಗಲೇ ಡ್ರೈವರ್ ನಂಬರ್ ತಗೊಂಡು ಇಷ್ಟು ಗಂಟೆಗೆ ಬನ್ನಿ ಅಂತ ಗೊತ್ತು ಮಾಡ್ಕೊಳ್ಳಿ. ಇಲ್ಲಾಂದ್ರೆ ಪೇಟೆಗೆ ಏರು ಇಳಿತದ ದಾರಿಲಿ ಮುಕ್ಕಾಲು ಗಂಟೆ ನಡಿಗೆ, ಕತ್ತಲೆ, ಫುಟ್‌ಪಾತ್ ಇಲ್ಲ.

ಗಾಲ್ಫ್ ಕಾರ್ಟ್: ಫ್ಲಮೆಂಕೊ, ಪೇಟೆ, ಮೆಲೋನೆಸ್ ಸಾಕು ಅನ್ನೋರಿಗೆ. ಇಬ್ಬರಿಗೆ ಆರಾಮ, ನಾಲ್ಕು ಜನ ಕೂತರೆ ಏರಿನಲ್ಲಿ ಮುಲುಗುತ್ತೆ.

ಜೀಪು: ಸೋನಿ ತೀರಕ್ಕೆ ಹೋಗ್ಲೇಬೇಕು ಅಂದ್ರೆ ಇದೇ. ಪೂರ್ವದ ರಸ್ತೆ ಕಿರಿದು, ಏರು ಜಾಸ್ತಿ, ಎದುರು ಗಾಡಿ ಬಂದ್ರೆ ಒಬ್ಬರು ಹಿಂದಕ್ಕೆ ಹೋಗ್ಬೇಕು.

ಒಂದು ರಾತ್ರಿಗೆ ಕಾರ್ಟ್ ಸಾಕು. ಬಾಡಿಗೆ 24 ಗಂಟೆ ಲೆಕ್ಕವೋ ಕ್ಯಾಲೆಂಡರ್ ದಿನದ ಲೆಕ್ಕವೋ ಕೇಳಿ. ಎರಡನೇದಾದರೆ ಒಂದು ರಾತ್ರಿಗೆ ಎರಡು ದಿನದ ಹಣ. ಕೀಲಿ ತಗೊಳ್ಳೋ ಮುಂಚೆ ನಾಲ್ಕೂ ಚಕ್ರ, ಲೈಟು, ಹ್ಯಾಂಡ್ ಬ್ರೇಕ್ ವಿಡಿಯೊ ಮಾಡಿ. ಹ್ಯಾಂಡ್ ಬ್ರೇಕ್ ಅಂತೂ ಏರಿನಲ್ಲಿ ನಿಲ್ಲಿಸಿ ನೋಡಿ. ಲೈಸೆನ್ಸ್ ಕಾರ್ಡೇ ಬೇಕು, ಫೋಟೊ ನಡೆಯೋಲ್ಲ.

---

ತೊಂಡೆಕಾಯಿ_ಪಲ್ಯ

ಸಸ್ಯಾಹಾರಿಗಳು ಏನು ತಿನ್ನಬೇಕು ಎಂದು ಯಾರಾದರೂ ಕೇಳುವ ಮೊದಲೇ ಬರೆದುಬಿಡುತ್ತೇನೆ.

ಧೈರ್ಯವಾಗಿ ತಿನ್ನಬಹುದಾದದ್ದು ತೊಸ್ತೋನೆಸ್. ಬಾಳೆಕಾಯಿಯನ್ನು ದಪ್ಪ ಬಿಲ್ಲೆ ಮಾಡಿ ಕರಿದು, ತಟ್ಟಿ ಚಪ್ಪಟೆ ಮಾಡಿ, ಮತ್ತೆ ಕರಿಯುತ್ತಾರೆ. ಅಮರಿಯೋಸ್ ಎಂದರೆ ಹಣ್ಣಾದ ಬಾಳೆಯದ್ದು, ಸಿಹಿ. ಸುರುಯಿಟೋಸ್ ಮೆಕ್ಕೆಜೋಳದ ಹಿಟ್ಟಿನ ಕಡ್ಡಿ, ಕೆಲವು ಕಡೆ ಒಳಗೆ ಚೀಸ್. ಒಂದೇ ಬಾಣಲೆಯಲ್ಲಿ ಮೀನೂ ಕರಿಯುತ್ತಾರೆ ಎನ್ನುವುದನ್ನು ಒಪ್ಪದವರಿಗೆ ಇವೂ ಆಗುವುದಿಲ್ಲ.

ಮೋಸ ಹೋಗುವುದು ಎಲ್ಲಿ ಎಂದರೆ ಅನ್ನ ಮತ್ತು ಕಾಳಿನಲ್ಲಿ. ಅರೋಸ್ ಕೋನ್ ಅಬಿಚುವೆಲಾಸ್ ನೋಡಲು ರಾಜ್ಮಾ ಅನ್ನ, ಆದರೆ ಕಾಳು ಬೇಯಿಸುವಾಗ ಹಂದಿಮಾಂಸದ ತುಂಡು ಹಾಕುವುದು ಅಲ್ಲಿನ ರೂಢಿ. ಮೊಫೊಂಗೊ ಬಾಳೆಕಾಯಿಯದ್ದೇ, ಆದರೆ ಕುಟ್ಟುವಾಗ ಕರಿದ ಹಂದಿ ಚರ್ಮ ಸೇರಿಸುತ್ತಾರೆ. ಅಲ್ಕಪುರಿಯಾ ಅಂಬೊಡೆ ಬಣ್ಣದಲ್ಲಿ ಕಂಡು ಕೈ ಚಾಚುವಂತೆ ಮಾಡುತ್ತದೆ, ಒಳಗೆ ಮಾಂಸ ಅಥವಾ ಏಡಿ. "ವೆಜಿಟೇರಿಯನ್" ಎಂದರೆ ಕೋಳಿ ಪರವಾಗಿಲ್ಲವಾ ಎಂಬ ಮರುಪ್ರಶ್ನೆ ಬರಬಹುದು. ಒಂದೊಂದಾಗಿ ಹೇಳಿ: ಸಿನ್ ಕಾರ್ನೆ, ಸಿನ್ ಹಮೋನ್, ಸಿನ್ ಪೋಯೊ, ಸಿನ್ ಪೆಸ್ಕಾದೊ. ಮಾಂಸ, ಹಂದಿ, ಕೋಳಿ, ಮೀನು ನಾಲ್ಕೂ ಬೇಡ ಎಂದಾಯಿತು.

ಫ್ಲಮೆಂಕೊ ಗೇಟಿನ ಹತ್ತಿರದ ತಿಂಡಿ ಅಂಗಡಿಗಳು ಸಂಜೆಗೆ ಮುಚ್ಚುತ್ತವೆ. ಪೇಟೆಯ ಊಟದ ಮನೆಗಳಲ್ಲಿ ಸೋಮವಾರ, ಮಂಗಳವಾರ ರಜೆ ಮಾಡುವವರು ಹಲವರು. ಅವತ್ತು ರಾತ್ರಿ ಏಳೂವರೆಗೆ ಹಸಿದುಕೊಂಡು ಹೊರಟರೆ ತೆರೆದದ್ದು ಹುಡುಕುವುದೇ ಕೆಲಸ. ಅವಲಕ್ಕಿ, ಚಟ್ನಿಪುಡಿ, ಎಂಟಿಆರ್ ಪೊಟ್ಟಣ, ಒಂದು ಪುಟ್ಟ ಎಲೆಕ್ಟ್ರಿಕ್ ಕೆಟಲ್. ಇಷ್ಟಿದ್ದರೆ ಒಂದು ರಾತ್ರಿ ಗೆದ್ದಂತೆ. ದಿನಸಿ ಅಂಗಡಿ ಇವೆ, ಆದರೆ ಸರಕೆಲ್ಲ ಕಾರ್ಗೋ ಹಡಗಿನಲ್ಲೇ ಬರಬೇಕು. ಹಡಗು ತಡವಾದರೆ ತರಕಾರಿ ಕಪಾಟು ಖಾಲಿ. ನೀರು ಮಾತ್ರ ಧಾರಾಳ ಕೊಳ್ಳಿ, ತಲೆಗೆ ದಿನಕ್ಕೆ ಮೂರು ಲೀಟರ್.

---

ಸಂಪಿಗೆ_ರೋಡ್

ರೂಮು? ಶನಿವಾರಕ್ಕೆ ನೋಡಿದರೆ ಎಲ್ಲರೂ ಎರಡು ರಾತ್ರಿ ಕನಿಷ್ಠ ಅಂತಿದ್ದಾರೆ.

---

ನ್ಯೂಜೆರ್ಸಿ_ಅಕ್ಕ

ಹೌದು, ವಾರಾಂತ್ಯಕ್ಕೆ ಹಲವರು ಹಾಗೇ. ಒಂದೇ ರಾತ್ರಿ ಬೇಕಿದ್ದರೆ ಭಾನುವಾರದಿಂದ ಗುರುವಾರದೊಳಗೆ ಹುಡುಕಿ. ರೂಮೂ ಸಿಗುತ್ತದೆ, ಫೆರಿ ಸೀಟೂ ಸಿಗುತ್ತದೆ. ಊಟಕ್ಕೆ ಮಾತ್ರ ತೊಂಡೆಕಾಯಿಯವರು ಹೇಳಿದ ತಾಪತ್ರಯ. ಈಸ್ಟರ್ ಹಿಂದಿನ ವಾರ ಅಂತೂ ಪೋರ್ಟೊ ರಿಕೊದವರೇ ಕಡಲಿಗೆ ಹೊರಡುತ್ತಾರೆ, ಅದನ್ನು ಬಿಟ್ಟುಬಿಡಿ. ಚಂಡಮಾರುತದ ಕಾಲ ಜೂನ್ 1ರಿಂದ ನವೆಂಬರ್ 30, ಆಗಸ್ಟ್ ಸೆಪ್ಟೆಂಬರ್‌ನಲ್ಲಿ ಹಣ ವಾಪಸ್ ಸಿಗುವ ಬುಕಿಂಗ್ ಮಾತ್ರ ಮಾಡಿ.

ಬುಕ್ ಮಾಡುವ ಮೊದಲು ಮನೆಯವರನ್ನು ಕೇಳಬೇಕಾದದ್ದು: ಜನರೇಟರ್ ಇದೆಯಾ, ನೀರಿನ ತೊಟ್ಟಿ ಇದೆಯಾ. ಕುಲೇಬ್ರಾಗೆ ವಿದ್ಯುತ್ತೂ ಕುಡಿಯುವ ನೀರೂ ಮುಖ್ಯ ದ್ವೀಪದಿಂದ ವಿಯೇಕೆಸ್ ಮೂಲಕ ಕಡಲ ತಳದಲ್ಲಿ ಬರುತ್ತವೆ. 2017ರ ಮರಿಯಾ ಚಂಡಮಾರುತದಲ್ಲಿ ಕರೆಂಟ್ ಹೋಗಿ ಏನಾಯಿತು ಎಂದು ಓದಿದವರಿಗೆ ಗೊತ್ತು. ಈಗಲೂ ಕರೆಂಟ್ ಹೋಗುವುದು ಮಾಮೂಲು. ಜನರೇಟರ್ ಇಲ್ಲದ ರೂಮಿನಲ್ಲಿ ಜುಲೈ ರಾತ್ರಿ, ಫ್ಯಾನೂ ಇಲ್ಲ, ಸೊಳ್ಳೆ ಬೇರೆ. ಡೆಂಗಿ ಹೆಚ್ಚಿದ್ದಕ್ಕೆ ಪೋರ್ಟೊ ರಿಕೊ 2024ರ ಮಾರ್ಚ್‌ನಲ್ಲಿ ಆರೋಗ್ಯ ತುರ್ತುಸ್ಥಿತಿ ಘೋಷಿಸಿತ್ತು, ಹಾಗಾಗಿ ಸೊಳ್ಳೆ ಮುಲಾಮು ಕಡ್ಡಾಯ. ಸಂಜೆ ಮರಳಿನ ಮೇಲೆ ಕಣ್ಣಿಗೆ ಕಾಣದ ನುಸಿ ಕಚ್ಚುತ್ತದೆ, ಕಾಲು ಮುಚ್ಚುವ ತೆಳು ಪ್ಯಾಂಟ್ ಇರಲಿ.

ಮುಂಜಾನೆ ಮೂರಕ್ಕೇ ಕೋಳಿ ಕೂಗುತ್ತದೆ. ಇದಕ್ಕೆ ಯಾವ ಬುಕಿಂಗ್‌ನಲ್ಲೂ ಪರಿಹಾರವಿಲ್ಲ, ಕಿವಿಗೆ ಹತ್ತಿ.

---

ಹವಳದಂಡೆ

ನೀರೊಳಗೆ ನೋಡುವವರಿಗೆ.

ಮೊದಲು ತಮರಿಂದೊ. ಡ್ಯೂಯಿಯಿಂದ ವಾಯುವ್ಯಕ್ಕೆ, ತೀರ ಕಲ್ಲುಕಲ್ಲು, ಫೋಟೊಗೆ ಚೆಂದವಿಲ್ಲ. ಅದಕ್ಕೇ ಜನ ಕಡಿಮೆ. ತಳದಲ್ಲಿ ಕಡಲಹುಲ್ಲು ಇರುವುದರಿಂದ ಹಸಿರು ಕಡಲಾಮೆಗಳು ಮೇಯಲು ಬರುತ್ತವೆ. ಕಲ್ಲಿನ ಮೇಲೆ ಬರಿಗಾಲು ಇಡಬೇಡಿ, ಮುಳ್ಳುಚೆಂಡು ಇರುತ್ತವೆ, ನೀರಿನ ಬೂಟು ಹಾಕಿ. ಮರಳಿನ ತಳದಲ್ಲಿ ಕಾಲು ಎತ್ತಿಡದೆ ಎಳೆದು ನಡೆಯಿರಿ, ಹೂತು ಮಲಗಿದ ತೊರಕೆ ಮೀನು ಸದ್ದಿಗೆ ಸರಿದು ಹೋಗುತ್ತದೆ. ಆಮೆ ಕಂಡರೆ ಪಕ್ಕದಲ್ಲಿ ತೇಲಿ, ಮೇಲಿನಿಂದ ಅಡ್ಡ ಬರಬೇಡಿ. ಅದು ಉಸಿರಿಗೆ ಮೇಲೆ ಬರಲೇಬೇಕು. ಮುಟ್ಟುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ.

ಈಜು ಬಾರದವರು ಗಾಳಿ ತುಂಬುವ ಜಾಕೆಟ್ ಬಾಡಿಗೆಗೆ ಕೇಳಿ, ಪೇಟೆಯಲ್ಲೇ ಸಿಗುತ್ತದೆ. ತುಂಬ ಗಟ್ಟಿ ಊದಬಾರದು, ಎದೆ ಮೇಲೆದ್ದು ಮುಖ ನೀರಿಗೆ ಇಳಿಯುವುದಿಲ್ಲ. ಅರ್ಧ ಊದಿ. ಮೀಸೆ ಇರುವವರಿಗೆ ಮಾಸ್ಕಿನೊಳಗೆ ನೀರು ಸೋರುತ್ತದೆ, ಕಾರಣ ಮೂಗಿನ ಕೆಳಗೆ ಸಿಲಿಕೋನ್ ಅಂಚು ಚರ್ಮಕ್ಕೆ ಕೂರದೆ ಕೂದಲ ಮೇಲೆ ಕೂರುವುದು. ಪಟ್ಟಿ ಬಿಗಿ ಮಾಡಿದರೆ ಸೋರುವುದು ಇನ್ನೂ ಹೆಚ್ಚು. ಮೀಸೆಯ ಮೇಲಂಚಿನ ಒಂದು ಎಳೆ ಬೋಳಿಸಿ, ಇಲ್ಲವೇ ಸಿಲಿಕೋನ್ ಗ್ರೀಸ್ ಹಚ್ಚಿ. ಗಾಜು ಮಸುಕಾಗದಂತೆ ಮಕ್ಕಳ ಶಾಂಪೂ ಒಂದು ಹನಿ ಒಳಗೆ ಸವರಿ, ಒಂದು ಸಲ ಮಾತ್ರ ನೀರಲ್ಲಿ ಆಡಿಸಿ ಹಾಕಿಕೊಳ್ಳಿ.

ಎರಡನೆಯದು ಕಾರ್ಲೊಸ್ ರೊಸಾರಿಯೊ. ಫ್ಲಮೆಂಕೊ ಪಾರ್ಕಿಂಗ್‌ನಿಂದ ಗುಡ್ಡ ದಾಟುವ ಕಾಲುದಾರಿ, ಇಪ್ಪತ್ತರಿಂದ ಮೂವತ್ತು ನಿಮಿಷ, ನೆರಳಿಲ್ಲ. ಹವಳ ಚೆನ್ನಾಗಿರುವುದು ಅಲ್ಲೇ. 1999ರಲ್ಲಿ ಲೂಯಿಸ್ ಪೇನ್ಯ ಕಾಲುವೆ ಎಂದು ಘೋಷಿಸಿದ ಮೀಸಲು, ಮೀನು ಹಿಡಿಯುವಂತಿಲ್ಲ. ಈ ದಾರಿಯಲ್ಲಿ ಬಾಂಬ್ ಎಚ್ಚರಿಕೆಯ ಫಲಕ ಕಾಣುತ್ತದೆ, ತಮಾಷೆಯಲ್ಲ. ಅಮೆರಿಕದ ನೌಕಾಪಡೆ ದಶಕಗಳ ಕಾಲ ಈ ದ್ವೀಪದ ಮೇಲೆ ಗುಂಡಿನ ಅಭ್ಯಾಸ ಮಾಡಿತು. 1971ರಲ್ಲಿ ಊರಿನವರು ತೀರದಲ್ಲೇ ಕೂತು ಪ್ರತಿಭಟಿಸಿದರು, 1975ರಲ್ಲಿ ಅಭ್ಯಾಸ ನಿಂತಿತು. ಫ್ಲಮೆಂಕೊದ ಎಡತುದಿಯಲ್ಲಿ ಬಣ್ಣ ಬಳಿದು ತುಕ್ಕು ಹಿಡಿದ ಟ್ಯಾಂಕ್ ಮುಂದೆ ಎಲ್ಲರೂ ಫೋಟೊ ತೆಗೆಸಿಕೊಳ್ಳುತ್ತಾರಲ್ಲ, ಅದು ಆ ಕಾಲದ್ದು. ಸಿಡಿಯದ ಗುಂಡು ಇನ್ನೂ ಪೊದೆಯಲ್ಲಿ, ನೀರಿನಲ್ಲಿ ಇರಬಹುದು. ದಾರಿ ಬಿಟ್ಟು ಇಳಿಯಬೇಡಿ. ಕೊಳವೆಯಾಕಾರದ ಲೋಹ ಕಂಡರೆ ಮುಟ್ಟದೆ, ಬಂದ ಹೆಜ್ಜೆಯಲ್ಲೇ ಹಿಂದೆ ಹೋಗಿ 911ಗೆ ಕರೆ ಮಾಡಿ.

ಕುಲೆಬ್ರೀಟಾ ದ್ವೀಪ, ಹಳೆಯ ದೀಪಸ್ತಂಭ, ದೋಣಿಯಲ್ಲಿ ಹೋಗಬೇಕು. ಒಂದು ರಾತ್ರಿಯ ಪ್ರವಾಸಕ್ಕೆ ತುರುಕಬೇಡಿ. ಅಲ್ಲಿ ಕುಡಿಯುವ ನೀರಾಗಲೀ ಶೌಚಾಲಯವಾಗಲೀ ಇಲ್ಲ, ಅರ್ಧ ದಿನ ಬೇಕೇ ಬೇಕು.

---

ಎಚ್1ಬಿ_ಹನುಮ

ಹೊಳೆಯುವ ನೀರಿನ ಕೊಲ್ಲಿ ಕುಲೇಬ್ರಾದಲ್ಲೇ ಅಲ್ವಾ?

---

ಹವಳದಂಡೆ

ಅಲ್ಲ. ಅದು ವಿಯೇಕೆಸ್‌ನ ಮೊಸ್ಕೀಟೊ ಕೊಲ್ಲಿ. ಮುಖ್ಯ ದ್ವೀಪದಲ್ಲಿ ಬೇಕಿದ್ದರೆ ಫಹಾರ್ಡೊದ ಲಗೂನಾ ಗ್ರಾಂದೆ, ಅದು ಸೇಯ್ಬಾಗೆ ಹತ್ತಿರ. ಫೆರಿಯ ಹಿಂದಿನ ರಾತ್ರಿ ನೋಡಬಹುದು, ಅಮಾವಾಸ್ಯೆಯ ಆಸುಪಾಸು ಇದ್ದರೆ ಮಾತ್ರ. ಹುಣ್ಣಿಮೆಗೆ ದುಡ್ಡು ದಂಡ.

---

ಬೆಳ್ಳುಳ್ಳಿ_ಬಸ್ಯಾ

ಅಪ್ಪ ಅಮ್ಮ ಜೊತೆ ಬರ್ತಾರೆ, 68, 63 ವರ್ಷ. ಅಪ್ಪನಿಗೆ ಮಂಡಿ ನೋವು. ಕರ್ಕೊಂಡು ಹೋಗ್ಬಹುದಾ?

---

ಮಲ್ಪೆಗಾಳಿ

ಏಪ್ರಿಲ್, ಮೇ ಆದರೆ ಧೈರ್ಯವಾಗಿ. ಕಡಲು ಆಗ ಸ್ವಲ್ಪ ತಣ್ಣಗೆ ಉಂಟು. ಫೆರಿ ಟರ್ಮಿನಲ್‌ನಲ್ಲಿ ನಿಲ್ಲುವುದೇ ಕಷ್ಟ, ಮಡಚುವ ಸ್ಟೂಲ್ ಒಯ್ಯಿರಿ, ಗೇಟಿನವರಿಗೆ ಹಿರಿಯರಿದ್ದಾರೆ ಎಂದು ಮೊದಲೇ ಹೇಳಿ. ಕಾರ್ಟ್ ಬೇಡ, ಜೀಪು ತೆಗೆದುಕೊಳ್ಳಿ. ಕಾರ್ಟಿನ ಕುಲುಕು ಸೊಂಟಕ್ಕೆ ಆಗುವುದಿಲ್ಲ. ಫ್ಲಮೆಂಕೊದಲ್ಲಿ ಪಾರ್ಕಿಂಗ್‌ನಿಂದ ಮರಳಿಗೆ ಸಮತಟ್ಟು ದಾರಿ, ಮರದ ನೆರಳು, ಶೌಚಾಲಯ ಹತ್ತಿರ. ಅಪ್ಪ ಅಮ್ಮನಿಗೆ ಅದು, ಆಮೇಲೆ ಸಂಜೆ ಮೆಲೋನೆಸ್‌ನಲ್ಲಿ ಸೂರ್ಯಾಸ್ತ. ಕಾರ್ಲೊಸ್ ರೊಸಾರಿಯೊ ಬೇಡ. ಬಿಪಿ, ಸಕ್ಕರೆ ಮಾತ್ರೆ ಎರಡು ದಿನ ಹೆಚ್ಚಿಗೆ ಕೈಚೀಲದಲ್ಲಿ ಇರಲಿ, ಫೆರಿ ರದ್ದಾದರೆ ಬೇಕಾಗುತ್ತದೆ. ದ್ವೀಪದಲ್ಲಿ ಇರುವುದು ಪುಟ್ಟ ಆಸ್ಪತ್ರೆ, ದೊಡ್ಡ ತೊಂದರೆಗೆ ವಿಮಾನದಲ್ಲೇ ಸಾಗಿಸುವುದು. ಊರಿನಿಂದ ಮಾಡಿಸಿಕೊಂಡು ಬಂದ ಪ್ರವಾಸ ವಿಮೆಯಲ್ಲಿ ಅದು ಸೇರಿದೆಯಾ ನೋಡಿ.

---

ಗ್ಯಾರೇಜ್_ಗೌಡ

ಟೆಂಟ್ ಹಾಕೋರಿಗೆ: ಫ್ಲಮೆಂಕೊದಲ್ಲೇ ಕ್ಯಾಂಪಿಂಗ್ ಜಾಗ ಇದೆ, ಮೊದಲೇ ಕಾದಿರಿಸಬೇಕು. ಅಡುಗೆ ಗ್ಯಾಸ್ ಡಬ್ಬಿ ವಿಮಾನದಲ್ಲಿ ಒಯ್ಯೋ ಹಾಗಿಲ್ಲ, ಅಮೆರಿಕದಿಂದ ತರಬೇಡಿ. ಮರಳಿಗೆ ಮಾಮೂಲು ಟೆಂಟ್ ಮೊಳೆ ಹಿಡಿಯೋಲ್ಲ. ಚೀಲಕ್ಕೆ ಮರಳು ತುಂಬಿ ಹಗ್ಗ ಕಟ್ಟಿ ಹೂಳಿ.

---

ತೊಂಡೆಕಾಯಿ_ಪಲ್ಯ

ವಾಪಸ್ ಬರುವವರಿಗೆ ಒಂದೇ ಸಾಲು: ಸಾನ್ ಹ್ವಾನ್ ನಿಲ್ದಾಣದಲ್ಲಿ ಬ್ಯಾಗ್ ಚೆಕ್-ಇನ್ ಮಾಡುವ ಮೊದಲೇ ಕೃಷಿ ಇಲಾಖೆಯ ಎಕ್ಸ್‌ರೇ ಯಂತ್ರಕ್ಕೆ ಹಾಕಿ ಸ್ಟಿಕ್ಕರ್ ಅಂಟಿಸಿಕೊಳ್ಳಬೇಕು, ಸಾಲು ಉದ್ದವಿರುತ್ತದೆ. ಅಲ್ಲಿನ ತಾಜಾ ಮಾವಿನಹಣ್ಣು ದಾಟಿಸುವಂತಿಲ್ಲ, ಅಲ್ಲೇ ತಿಂದು ಬನ್ನಿ.